ನಲವತ್ತೆರಡು

ಇವರ ಗೊರಕೆಗೆ ನಾನು ಹೆದರಿದವಳಲ್ಲ.
ಮದುವೆಯಾದ ಹೊಸತರಲ್ಲಿ ಕಿವಿಗೆ ಹತ್ತಿ,
ಆಮೇಲೆ ಅಭ್ಯಾಸ.
ಕುಶಾಲನಗರದ ಹೆದ್ದಾರಿ ಪಕ್ಕ ಮನೆ ಮಾಡಿದವರಿಗೆ
ಲಾರಿ ಕೇಳಿಸುತ್ತದೆಯೇ?
ನಾನು ಹೆದರಿದ್ದು
ಗೊರಕೆ ನಿಂತಾಗ.

ಒಂದು, ಎರಡು, ಮೂರು,
ಕತ್ತಲೆಯಲ್ಲಿ ಕೂತು ಎಣಿಸುತ್ತೇನೆ.
ಹೊಟ್ಟೆ ಏಳುತ್ತದೆ, ಎದೆ ಜಗ್ಗುತ್ತದೆ,
ಗಾಳಿ ಮಾತ್ರ ಹೋಗುವುದಿಲ್ಲ,
ಹೊರಗಿನಿಂದ ಚಿಲಕ ಹಾಕಿದ ಬಾಗಿಲನ್ನು
ಒಳಗಿನಿಂದ ಯಾರೋ ಎಳೆಯುವ ಹಾಗೆ.
ಹದಿನೆಂಟು, ಹತ್ತೊಂಬತ್ತು...
ಮೊಬೈಲಿನ ಬೆಳಕು ಹಿಡಿದು ತುಟಿ ನೋಡಿದರೆ
ಗಿಡದಲ್ಲೇ ಒಣಗಿದ ಕಾಫಿ ಹಣ್ಣಿನ ಬಣ್ಣ.
ಮೂವತ್ತೇಳು. ಮೂವತ್ತೆಂಟು.
ನಲವತ್ತೆರಡಕ್ಕೆ ಒಂದು ಬಿಕ್ಕು,
ಮುಳುಗಿದವನು ಮೇಲೆ ಬಂದಂತೆ.
ಮತ್ತೆ ಗೊರಕೆ. ಅಬ್ಬ, ಗೊರಕೆ.
ಪುಣ್ಯದ ಸದ್ದು.

ಬೆಳಗ್ಗೆ ಕೇಳಿದರೆ
"ಒಳ್ಳೇ ನಿದ್ದೆ ಬಂತು" ಎನ್ನುತ್ತಾರೆ,
ತಲೆ ಹಿಡಿದುಕೊಂಡು.

ಇವರ ಕೆಲಸವೇ ತೂಕದ್ದು.
ಕ್ಯೂರಿಂಗ್ ವರ್ಕ್ಸಿನ ವೇಬ್ರಿಡ್ಜಿನ ಬದಿಯ ಕಿರುಕೋಣೆ,
ಗಾಜಿನ ಹಿಂದೆ ಉತ್ತಯ್ಯ,
ಇಪ್ಪತ್ತಾರು ವರ್ಷದಲ್ಲಿ ಒಂದು ಕಿಲೋ ತಪ್ಪಿದ್ದಿಲ್ಲ.
ತುಂಬಿದ ಲಾರಿ, ಖಾಲಿ ಲಾರಿ,
ಕಳೆದು ಉಳಿದದ್ದು ಕಾಫಿ.
ತನ್ನನ್ನು ತೂಗಿಕೊಂಡದ್ದು ಒಂದೇ ಸಲ,
ಹಮಾಲರು ಪಂದ್ಯ ಕಟ್ಟಿದಾಗ:
ಐವತ್ತರ ಎರಡು ಮೂಟೆ, ಮೇಲೆ ಇಪ್ಪತ್ತೊಂದು ಕಿಲೋ.
ಎಲ್ಲರೂ ನಕ್ಕರು. ಇವರೇ ಜೋರಾಗಿ ನಕ್ಕರು.

ಅಣ್ಣನ ಮಗನ ಮದುವೆಗೆ ಕುಪ್ಯ ತೊಟ್ಟಾಗ
ಮಾವನ ಕಾಲದ ಕೆಂಪು ಚೇಲೆ,
ಮಾವನಿಗೆ ಮೂರು ಸುತ್ತು ಬರುತ್ತಿದ್ದದ್ದು,
ಇವರಿಗೆ ಒಂದೂವರೆಗೇ ಮುಗಿಯಿತು.
ತುದಿ ಸಿಕ್ಕಿಸಲು ಪಿನ್ನು ಹುಡುಕಿದವಳು ನಾನು.
ಅದೂ ನಗುವ ಸಂಗತಿಯೇ ಆಗಿತ್ತು,
ಓಲಗಕ್ಕೆ ನಾಲ್ಕು ಹೆಜ್ಜೆ ಹಾಕಿ
ಇವರು ಕಂಬಕ್ಕೆ ಒರಗುವ ತನಕ.

ಏಪ್ರಿಲ್‌ನಲ್ಲೊಂದು ದಿನ ಲಾರಿ ತೂಕದ ಮೇಲೆ ನಿಂತೇ ಇತ್ತು.
ಡ್ರೈವರ್ ಹಾರ್ನ್ ಹೊಡೆದ, ಮತ್ತೆ ಹೊಡೆದ.
ಗಾಜಿನ ಹಿಂದೆ ಇವರು
ಪೆನ್ನು ಹಿಡಿದೇ ನಿದ್ದೆಹೋಗಿದ್ದರು.
ರಸೀದಿಯಲ್ಲಿ ಒಂಬತ್ತರ ಬಾಲ
ಹಾಳೆಯ ಅಂಚಿನವರೆಗೂ ಇಳಿದಿತ್ತು.

ಮಡಿಕೇರಿಯ ಡಾಕ್ಟರಮ್ಮ ಗದಗದ ಕಡೆಯವರು.
ಪರದೆಯಲ್ಲಿ ಎದೆಯೊಳಗಿನದನ್ನು ತೋರಿಸಿದರು,
ಬೂದುಬಣ್ಣದ್ದು, ಮುಷ್ಟಿ ಬಿಚ್ಚಿ ಮುಚ್ಚುವಂಥದ್ದು.
"ನೋಡ್ರೀ ಅಮ್ಮಾ, ಊರು ಬೆಳದೈತಿ,
ನೀರು ಬಿಡಾಂವ ಒಬ್ಬನ ಅದಾನ.
ಹಗಲೆಲ್ಲಾ ಓಡ್ಯಾಡಿ ದಣದಾನ,
ರಾತ್ರಿ ಕೂಡಾಕೂ ಬಿಡವಲ್ಲದು ಈ ನಿದ್ದಿ.
ಉಸಿರು ಕಟ್ಟಿದಾಗೊಮ್ಮೆ ಎದ್ದು ಓಡತಾನ."
ಗೋಡೆ ದಪ್ಪವಾಗಿದೆಯಂತೆ,
ಹಾರೆ ಹಿಡಿದ ಅಂಗೈಯಂತೆ.
ತಾಳ ಅಲ್ಲಲ್ಲಿ ತಪ್ಪುತ್ತಿದೆಯಂತೆ.
ಒಂದು ರಾತ್ರಿಯ ಪರೀಕ್ಷೆಯ ಕಾಗದದಲ್ಲಿ
ಗಂಟೆಗೆ ಐವತ್ತಮೂರು ಸಲ.
ಇವರು ಅದನ್ನು ಎರಡು ಬಾರಿ ಓದಿ
ಕೆಳಗೆ ಗೆರೆ ಎಳೆದರು,
ಲಾರಿಯ ಲೆಕ್ಕಕ್ಕೆ ಎಳೆಯುವ ಹಾಗೆ.

ನನಗೆ ಸಿಟ್ಟು ಬಂತು.
ಅಕ್ಕಿರೊಟ್ಟಿಗೆ ಬೆಣ್ಣೆ ಸವರಿದ ನನ್ನ ಕೈ ಮೇಲೆ,
"ಉಂಡ ಮೈ, ಸುಖದ ನಿದ್ದೆ" ಎನ್ನುತ್ತಿದ್ದ ಅತ್ತೆಯ ಮೇಲೆ,
ನಕ್ಕವರ ಮೇಲೆ. ನಾನೂ ನಕ್ಕಿದ್ದೆ.

ಈಗ ತಲೆದಿಂಬಿನ ಪಕ್ಕ ಒಂದು ಯಂತ್ರ,
ಮೂಗಿಗೆ ಮುಖವಾಡ, ಸೊಂಡಿಲಿನಂಥ ಕೊಳವೆ.
ಮೊದಲ ರಾತ್ರಿ ಗೊರಕೆಯಿಲ್ಲ.
ನಾನೇ ಹೊರಳಾಡಿದೆ,
ಬಂದ್ ದಿನದ ಹೆದ್ದಾರಿ ಪಕ್ಕ ಮಲಗಿದವಳಂತೆ.
ತೂಕ ಇಳಿದದ್ದು ಇನ್ನೂ ನಾಲ್ಕೇ ಕಿಲೋ.
ಸಂಜೆ ಕಾವೇರಿ ಸೇತುವೆಯ ತನಕ ನಡೆಯುತ್ತಾರೆ,
ಬರುವಾಗ ಬೇಕರಿಯ ಮುಂದೆ
ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಾರೆ.

ನಿನ್ನೆ ಗಾಳಿಗೆ ಎಲ್ಲೋ ತಂತಿ ಬಿತ್ತು.
ಎರಡೂಕಾಲಕ್ಕೆ ಕರೆಂಟು ಹೋಯಿತು,
ಇನ್ವರ್ಟರ್ ಕೊಂಚ ಕೂಗಿ ಅದೂ ಹೋಯಿತು.
ಯಂತ್ರ ನಿಂತಿತು.
ಗೊರಕೆ ಬಂತು, ನಿಂತಿತು.
ಕತ್ತಲೆಯಲ್ಲಿ ನನ್ನ ಬಾಯಿ ತಾನಾಗಿ
ಒಂದು, ಎರಡು...
ಇವರು ದಡಕ್ಕನೆ ಎದ್ದು ಮುಖವಾಡ ಕಿತ್ತರು.
ಬೆನ್ನಿಗೆ ಎರಡು ದಿಂಬು ಒಟ್ಟಿ,
ಗಾಜಿನ ಹಿಂದಿನಿಂದ ಲಾರಿಯವರನ್ನು ಕೇಳುವ ದನಿಯಲ್ಲಿ
"ಎಷ್ಟು?" ಎಂದರು.
"ಹದಿನಾಲ್ಕು."
"ಬರೆದುಕೋ."