ಅರವತ್ಮೂರು ಗಂಟು

ಹಳೆ ಸರಕಾರ ಹೋಯಿತು, ಅದರ ಬಾಕಿ ಉಳಿಯಿತು.
ಯಾದಗಿರಿ ತಹಸೀಲಿನ ಹಿಂದಿನ ಕೋಣೆ,
ಒಂದು ಕಾಲಕ್ಕೆ ಕುದುರೆ ಲಾಯ,
ಮಳೆ ಬಿದ್ದರೆ ಈಗಲೂ ಲದ್ದಿಯ ವಾಸನೆ.
ಅಲ್ಲೊಂದು ಮೇಜು, ನಾನು,
ಉರ್ದು ಬಲ್ಲವನೆಂದು ನನ್ನ ತಲೆಗೆ ಕಟ್ಟಿದ
ಆರು ಗಂಟು ಕಾಗದ.

ಅಮೀನನ ಕುದುರೆ ತಿಂದ ಕಣಕಿ,
ದೌರಾದ ಡೇರೆ ಹೊತ್ತ ಚಕ್ಕಡಿಯ ಬಾಡಿಗೆ,
ಕಂದೀಲಿನ ಎಣ್ಣೆ, ಒಂದು ಆಡು
(ಅರ್ಜಿದಾರಳ ಪ್ರಕಾರ ಎರಡು).
ಯಾರು ಉಂಡರೋ, ಯಾರು ಓಡಿದರೋ,
ಕೊಡುವವರು ಈಗ ನಾವು.
ಏಳು ಹಾಲಿ ಸಿಕ್ಕಾಕ್ಕೆ ಆರು ಕಲ್ದಾರ್.
ಬೆಲೆ ಅಷ್ಟೇ, ಎಣಿಕೆ ಮಾತ್ರ ಕಡಿಮೆ ಎಂದು
ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ.
ಒಬ್ಬರೂ ನಂಬಲಿಲ್ಲ.

ಅಂಬಿಗರ ಹಯ್ಯಾಳಪ್ಪ ಕಾಗದ ತರಲಿಲ್ಲ.
ಹಗ್ಗ ತಂದ.
ಭೀಮೆಯ ನೀರು ಕುಡಿದು ಕಪ್ಪಾದ ಪುಂಡಿನಾರು.
"ಸರಕಾರಿ ಮಂದಿನ್ನ ದಾಟಿಸಿದಾಗೊಮ್ಮೆ ಒಂದು ಗಂಟು ಹಾಕೀನ್ರಿ.
ಖೇಪಿಗೆ ನಾಕಾಣೆ ಅಂದಿದ್ರು. ಒಂದೂ ಕೊಟ್ಟಿಲ್ಲ."
ಹರಿಗೋಲು ತಿರುಗಿದ ಹಾಗೆ
ಮೇಜಿನ ಮೇಲೆ ಹಗ್ಗ ಸುತ್ತಿ ಇಟ್ಟ.
ಎಣಿಸಿದೆ. ಎಪ್ಪತ್ತೆರಡು.
"ಅರವತ್ಮೂರು," ಎಂದ. "ಆ ಸಣ್ಣವು ಬ್ಯಾಡ್ರಿ."

ಸಣ್ಣವು ಒಂಬತ್ತು. ಒಂದೇ ಕಡೆ, ಒತ್ತೊತ್ತಾಗಿ,
ಕತ್ತಲಲ್ಲಿ ಹಾಕಿದವು, ವಾರೆ.
"ಅವು ಆ ಭಾದ್ರಪದದ ರಾತ್ರಿಯವು."
ಯಾರನ್ನ ದಾಟಿಸಿದಿ?
"ಓಡೋ ಮಂದಿನ್ನ."
ಯಾವ ಕಡೆಯವರು?
ಓದಿದವನ ಮೇಲೆ ಕನಿಕರ ಬಂದವನಂತೆ ನೋಡಿದ:
"ಈ ಕಡಿಯವ್ರು ಆ ಕಡಿಗಿ.
ಆ ಕಡಿಯವ್ರು ಈ ಕಡಿಗಿ."

ಹಾಲಿಯಲ್ಲಿ ಹದಿನೈದು ರೂಪಾಯಿ ಹನ್ನೆರಡಾಣೆ,
ಕಲ್ದಾರಿನಲ್ಲಿ ಹದಿಮೂರೂವರೆ. ಶೇಷವಿಲ್ಲ.
ಅಂಥ ಚೊಕ್ಕ ಭಾಗಾಕಾರ ಆ ವರ್ಷ ಇನ್ನೊಂದು ಕಾಣೆ.

ಹೈದರಾಬಾದಿನಿಂದ ಆಕ್ಷೇಪಣೆ ಬಂತು:
ಹಗ್ಗವು ವೋಚರ್ ಅಲ್ಲ.
ಬರೆದೆ: ಇವನಿಗೆ ಅಕ್ಷರ ಬಾರದು.
ಬಂತು: ಹಾಗಿದ್ದಲ್ಲಿ ಮೂಲವನ್ನು ಲಗತ್ತಿಸಿ.
ಲಗತ್ತಿಸಿದೆ,
ಕಡತವನ್ನೇ ಆ ಹಗ್ಗದಿಂದ ಬಿಗಿದು ಕಟ್ಟಿ.

ಹದಿನಾಲ್ಕು ತಿಂಗಳ ಮೇಲೆ ಮಂಜೂರು.
ಹೆಬ್ಬೆಟ್ಟು ಒತ್ತಿದ, ರೊಕ್ಕ ಎಣಿಸಿದ, ಮತ್ತೊಮ್ಮೆ ಎಣಿಸಿದ,
ಬಾಗಿಲ ತನಕ ಹೋಗಿ ತಿರುಗಿ ಬಂದ.
"ನನ್ ಹಗ್ಗ?"
ಅದೀಗ ದಾಖಲೆ, ಸರಕಾರದ್ದು, ಎಂದೆ.
"ಮತ್ತ ಹಗ್ಗದ ರೊಕ್ಕ?"

ಹೊಸ ಅರ್ಜಿ ಬರೆದುಕೊಂಡೆ.
ಪುಂಡಿ ಹಗ್ಗ, ಹನ್ನೊಂದು ಮೊಳ, ಬಳಸಿದ್ದು.
ಒಂಬತ್ತು ಗಂಟಿನ ವಿಷಯ ನಮೂದಿಸಲಿಲ್ಲ.
ನನಗೆ ಚಿತ್ತಾಪುರಕ್ಕೆ ವರ್ಗವಾದ ದಿನ
ಒಪ್ಪಿಸಿಕೊಟ್ಟ ಬಾಕಿ ಪಟ್ಟಿಯಲ್ಲಿ
ಅದೇ ಕೊನೆಯದು.