ನಡುವಿಂದು ಹಿಡೀರಿ

ಏಳಕ್ಕ ಶಟರ್ ಎತ್ತತೀನಿ. ಎಂಟರೊಳಗ
ಟ್ರೇ ತುಂಬ ಬಾಟ್ಲಿ ನಿಂತಿರ್ತಾವ.
ಕಲಬುರಗಿ ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಈ ಲ್ಯಾಬಿನಾಗ
ಹದಿನೇಳು ವರ್ಷದಿಂದ ನಾ ಹೇಳೋದು ಒಂದೇ ಮಾತು:
ಮೊದಲಿಂದು ಬಿಡ್ರಿ, ನಡುವಿಂದು ಹಿಡೀರಿ,
ಮುಚ್ಚಳ ಬಿಗೀರಿ, ನಾಚಬ್ಯಾಡ್ರಿ.

ನಾಚತಾರ. ಸೆರಗಿನ ಮರಿಗೆ ತರ್ತಾರ,
ಮಿಠಾಯಿ ಡಬ್ಬಿಯೊಳಗ ಇಟ್ಟು ತರ್ತಾರ,
ಒಬ್ಬಾಕಿ ಅಂತೂ ಚೀಲದಾಗ, ರೊಟ್ಟಿ ಬುತ್ತಿಯ ಮಗ್ಗಲಕ.
ಬಾಟ್ಲಿ ಇನ್ನೂ ಬೆಚ್ಚಗಿರ್ತದ.
ಅಂಗೈಗೆ ಗೊತ್ತಾಗ್ತದ, ಈಗಿನ್ನೂ ಇದು ಒಂದು ಮೈಯಾಗ ಇತ್ತು.

ಮೇ ತಿಂಗಳದಾಗ ಊರಿಗೆ ಊರೇ ಕಡು ಚಹಾ.
ಎರಡು ಮಳಿ ಬಿತ್ತಂದ್ರ ಬ್ಯಾಳಿ ತೊಳೆದ ನೀರಿನಷ್ಟು ತಿಳಿ.

ಖರೆ ಕೆಲಸ ಇಲ್ಲಿ ನಡಿಯಂಗಿಲ್ರಿ.
ಪಕ್ಕಡಿಯ ಕೆಳಗ, ಬೆನ್ನಿಗೆ ಆತು
ಮುಷ್ಟಿಯಷ್ಟು ಎರಡು ಕೂತಾವ.
ಜರಡಿ ಅಂತಾರ. ಪೂರಾ ಜರಡಿ ಅಲ್ಲ.
ನಮ್ಮವ್ವ ತೊಗರಿ ಹಸನ ಮಾಡೂವಾಗ
ಹಳ್ಳು ಹುಡುಕತಿರಲಿಲ್ಲ; ಡಬ್ಬಿಗೆ ಡಬ್ಬಿ ಮೊರಕ್ಕ ಸುರುವಿ
ಬೇಕಾದ್ದು ಕಾಳು ಕಾಳು ವಾಪಸ್ ತುಂಬತಿದ್ದಳು.
ಹಂಗ. ದಿನಕ್ಕ ನೂರೆಂಬತ್ತು ಲೀಟರ್ ಸುರುವತಾವ,
ಉಪ್ಪು, ಸಕ್ಕರಿ, ನೀರು ಎಣಿಸಿ ಎಣಿಸಿ ಒಳಗ ಎಳಕೊಂಡು
ಒಂದೂವರಿ ಲೀಟರ್ ಅಷ್ಟೇ ಹೊರಗ ದಬ್ಬತಾವ.
ಅದು ಶಾವಿಗಿಗಿಂತ ತುಸು ದಪ್ಪ ಕೊಳವಿಯೊಳಗ ಇಳಿದು
ಚೀಲದಾಗ ಕೂಡತದ. ಚೀಲ ಭಾಳ ಸಹನಿಯದು.
ನಾವೇ ಸತಾಯಿಸ್ತೀವಿ.

ಜೇವರ್ಗಿ ರೂಟಿನ ಕಂಡಕ್ಟರ್ ಶಶಿರೇಖಾ
ಗಂಟಲು ಒಣಗಿದ್ರೂ ಗುಟುಕು ಕುಡಿಯಂಗಿಲ್ಲ.
"ಕುಡದ್ರ ಎಲ್ಲಿ ಹೋಗಲಿ ಅಕ್ಕಾ, ಸ್ಟ್ಯಾಂಡಿನ ಬಾಗಿಲಕ್ಕ ಚಿಲಕಿಲ್ಲ."
ವರ್ಷದಾಗ ಇದು ನಾಕನೇ ಸಲ. ಸ್ಲೈಡ್ ತುಂಬ ಕೀವಿನ ಕಣ.
ಗುಳಿಗಿ ಡಾಕ್ಟರ್ ಬರಕೊಡ್ತಾರ.
ಚಿಲಕ ಯಾರು ಬರಕೊಡಬೇಕು?

ಶಹಾಬಾದಿನ ಖಣಿಯ ಭೀಮಶಾ, ಫರಸಿ ಎತ್ತಿದ ಹೆಗಲು,
ರಾತ್ರಿ ಎರಡಕ್ಕ ನೆಲದ ಮ್ಯಾಲ ಹೊರಳಾಡಿ ಬಂದಾನ.
ಲೆನ್ಸಿನ ಕೆಳಗ ಸಣ್ಣ ಸಣ್ಣ ಅಂಚಿ ಲಕೋಟಿ, ಮಿಂಚತಾವ.
"ಹೊರಗಿನ ಕಲ್ಲೇ ಒಳಗ ಹೊಕ್ಕದೇನ್ರಿ?"
ಇಲ್ಲಪ್ಪ. ಬಿಸಲಾಗ ನೀರು ಕುಡೀದೆ ನೀನೇ ಬೆಳೆಸಿದ್ದು,
ಸ್ಕ್ಯಾನಿನಾಗ ಜ್ವಾಳದ ಕಾಳಿನಷ್ಟು ಕಾಣಸ್ತದ.
ನಕ್ಕ. ನಗೂವಾಗ ಮತ್ತ ಪಕ್ಕಡಿ ಹಿಡಕೊಂಡ.

ಖಾಜಿ ಮಾಸ್ತರ್ರು ಸಂಡಾಸಿಗೆ ಹೋಗಿ ಇಪ್ಪತ್ತು ನಿಮಿಷ ಆತು.
ವಯಸ್ಸಿಗೆ ಗ್ರಂಥಿ ದಪ್ಪಾಗಿ ದಾರಿ ಒತ್ತೇದ.
ಹೊರಗ ಸಾಲು. ಯಾರೋ ಬಾಗಿಲು ಬಡಿತಾರ.
"ಜರಾ ಸಬೂರ್," ಒಳಗಿಂದ ದನಿ.
ನಾ ಹೋಗಿ ಹೊರಗಿನ ನಳ ಬಿಟ್ಟೆ.
ನೀರಿನ ಸಪ್ಪಳ ಕೇಳಿದ್ರ ಬರ್ತದ ಕೆಲವರಿಗೆ.

ಮೂರು ತಿಂಗಳಿಂದ ಒಂದು ಬಾಟ್ಲಿ ಬರತಿತ್ತು,
ಹೆಸರು ಪರಮೇಶ್ವರ, ವಯಸ್ಸು 58.
ಅಲುಗಾಡಿಸಿದ್ರ ನೊರಿ. ನೊರಿ ಇಳಿಯಂಗಿಲ್ಲ.
ಬಿಟ್ಟುಕೊಡಬಾರದ್ದನ್ನ ಮೈ ಬಿಟ್ಟುಕೊಡ್ಲಕತ್ತದ ಅಂದಂಗ.
ಪರಮೇಶ್ವರನ ಮಾರಿ ಯಾರೂ ಕಂಡಿಲ್ಲ.
ಆದ್ರ ಲೇಬಲ್ಲಿನ ಆ ಐದು, ಹೊಟ್ಟಿ ಉಬ್ಬಿದ ಐದು,
ನನಗ ಸ್ಲೈಡ್ ಹಚ್ಚೋದು ಕಲಿಸಿದ ಕೈಯ ಐದು.
ನಮ್ಮ ಮಾಲಕ ವಿಠೋಬಾ ಸರ್. ಸಕ್ಕರಿ ರೋಗ ಇಪ್ಪತ್ತು ವರ್ಷದ್ದು.
ರಿಪೋರ್ಟ್ ಲಕೋಟಿಗೆ ಹಾಕಿ ಅವರ ಮೇಜಿನ ಮ್ಯಾಲೇ ಇಟ್ಟೆ.
ಅವರೂ ಏನೂ ಅನಲಿಲ್ಲ.

ಈಗ ಮಂಗಳವಾರ, ಶನಿವಾರ
ಮಷೀನಿಗೆ ತೋಳು ಕೊಟ್ಟು ನಾಕು ತಾಸು ಮಲಗತಾರ.
ಎರಡು ಮುಷ್ಟಿ ಸಪ್ಪಳಿಲ್ದೆ ಮಾಡತಿದ್ದ ಕೆಲಸ
ಎದಿಮಟ ಎತ್ತರದ ಪೆಟಗಿ ಗುರ್ ಅನಕೋತ ಮಾಡ್ತದ.
ಲಕ್ಷಗಟ್ಲೆ ಬಾಟ್ಲಿ ನೋಡಿದ ಮನಷ್ಯಾಗ
ತನ್ನದಂತ ತುಂಬಲಿಕ್ಕ ಒಂದು ಚಮಚ ಬರವಲ್ದು.
"ಇವತ್ತ ಎಷ್ಟು ಬಂದಾವ?" ಫೋನಿನಾಗ ಕೇಳ್ತಾರ.
"ನಲವತ್ತಾರು, ಸರ್."
"ಭಾಳ ಅದಾವ," ಅಂತಾರ.
ಹೊಟ್ಟಿಕಿಚ್ಚೋ ಸಮಾಧಾನೋ ತಿಳಿಯಂಗಿಲ್ಲ.

ಸಂಜಿಗೆ ಕೈ ತೊಳಕೊಂಡು, ಒಂದು ಚಂಬು ನೀರು ಕುಡದು,
ಶಟರ್ ಎಳಿಯೂ ಮೊದಲ ನಾನೂ ಹೋಗಿ ಕೂಡ್ತೀನಿ.
ಚಿಲಕ ಅದ.
ನಳ ಬಂದ್ ಮಾಡಿ, ಆ ಸಣ್ಣ ಸಪ್ಪಳ ಕೇಳಕೋತ ಕೂಡ್ತೀನಿ,
ಮೊದಲಿಂದೂ, ನಡುವಿಂದೂ, ಕಡೀದೂ.