ಹಳದಿ ಎಷ್ಟು ಹೊತ್ತು

ನನ್ನ ಕೆಲಸ ಸಣ್ಣದು. ಹೌದು ಅಥವಾ ಅಲ್ಲ ಒತ್ತುವುದು.
ಕೋಡಿಬಾಗ ಕ್ರಾಸಿನ ಕಂಬದ ಮೇಲೆ
ಬಕಧ್ಯಾನಕ್ಕೆ ಕೂತ ಕ್ಯಾಮೆರಾ
ಕಚ್ಚಿದ್ದನ್ನೆಲ್ಲ ತಂದು ನನ್ನ ಪರದೆಗೆ ಉಗುಳುತ್ತದೆ.
ಚಕ್ರ ಬಿಳಿಗೆರೆ ದಾಟಿದೆಯೆ?
ದೀಪ ಕೆಂಪೆ?
ನಂಬರು ಓದಲು ಬರುತ್ತದೆಯೆ?
ಮೂರಕ್ಕೂ ಹೌದಾದರೆ ಐನೂರು.
ಮುಖ ನೋಡಬೇಕೆಂದು ನಿಯಮದಲ್ಲಿಲ್ಲ.
ಆದರೆ ಕಾರವಾರ ಎಷ್ಟು ದೊಡ್ಡದು?

ಬೈತಖೋಲದಿಂದ ಐಸಿನ ನೀರು ಸೋರಿಸುತ್ತ ಬರುವ
ಟೆಂಪೋದಲ್ಲಿ ಮಿಂಗೇಲ್. ಬಾಯಲ್ಲಿ ಬೀಡಿ, ಅದೂ ಕೆಂಪು.
ನೇವಿ ಗೇಟಿನ ಪಾಳಿಗೆ ತಡವಾದ ಹುಡುಗಿ,
ಹೆಲ್ಮೆಟ್ಟಿನೊಳಗೆ ಇನ್ನೂ ಅಗಿಯುತ್ತಿರುವ ಅರ್ಧ ದೋಸೆ.
ಏಳನೇ ಇಯತ್ತೆಯಲ್ಲಿ ನನಗೆ ದಶಮಾಂಶ ಕಲಿಸಿದ ಗುನಗಿ ಮಾಸ್ತರು,
ಗೆರೆ ದಾಟಿದ್ದು ಒಂದೇ ಗೇಣು.
ಒತ್ತಿದೆ. ಹೌದು.

ಶನಿವಾರ ಶಾಲೆಯ ಹಾಲಿನಲ್ಲಿ ಸಭೆ.
ಹಿಂದಿನ ಬೆಂಚಿನಲ್ಲಿ ನಾನು,
ಊರ ಗುಟ್ಟನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡು ಬಂದವಳು.
"ಇದು ಕಾನೂನಲ್ಲ, ಗಲ್ಲಾಪೆಟ್ಟಿಗೆ" ಅಂದರು ಹಾರ್ಡವೇರ್ ರೇವಣಕರ.
"ಗಕ್ಕನೆ ನಿಂತರೆ ಹಿಂದಿನಿಂದ ಅದಿರಿನ ಲಾರಿ ಮುದ್ದಿಡ್ತದೆ,
ಅದರ ಫೋಟೋ ಯಾರು ತೆಗೀತಾರೆ?"
ಮಿಂಗೇಲ್ ಎದ್ದ:
"ಬಂಗಡೆಗೆ ಸಿಗ್ನಲ್ ಗೊತ್ತಿಲ್ಲ ಸಾಯಬಾ, ಬಿಸಿಲು ಗೊತ್ತು."
ನಗು.
"ತಪ್ಪು ಮಾಡದವನಿಗೆ ಯಾತರ ಭಯ?"
ಕೇಳಿದರು ವಾರ್ಡಿನ ಮೆಂಬರು, ಹೂವಿನ ಹಾರ ಸರಿಮಾಡಿಕೊಳ್ಳುತ್ತ.
ಅವರ ಬಿಳಿ ಕಾರು ಆ ತಿಂಗಳು ನನ್ನ ಪರದೆಗೆ
ಎರಡು ಸಲ ಬಂದುಹೋಗಿತ್ತು.

ಆಮೇಲೆ ದತ್ತಾರಾಮ ಬಾಂದೇಕರ,
ದೇವಗಡ ದ್ವೀಪದ ದೀಪಸ್ತಂಭದಲ್ಲಿ ಇಪ್ಪತ್ತಾರು ವರ್ಷ
ಬೆಳಕು ತಿರುಗಿಸಿದವರು, ಜೇಬಿನಿಂದ ಸ್ಟಾಪ್‌ವಾಚು ತೆಗೆದರು.
"ಮೂರು ರಾತ್ರಿ ಮೋರಿಕಟ್ಟೆ ಮೇಲೆ ಕೂತು ಎಣಿಸಿದೆ.
ನಿಮ್ಮ ಹಳದಿ ಎರಡು ಸೆಕೆಂಡಿಗೆ ಮುಗೀತದೆ, ಒಮ್ಮೊಮ್ಮೆ ಎರಡೂವರೆ.
ದೀಪಕ್ಕೆ ಒಂದು ಮಾತು ಇರಬೇಕು.
ಇಷ್ಟು ಹೊತ್ತಿಗೊಮ್ಮೆ ಮಿನುಗ್ತೇನೆ ಅಂತ
ನಕ್ಷೆಯಲ್ಲಿ ಬರೆದುಕೊಟ್ಟ ಮೇಲೆ
ನನಗೆ ಜ್ವರ ಬಂದರೂ ಅದಕ್ಕೆ ಬರಬಾರದು.
ಕತ್ತಲಲ್ಲಿದ್ದವನು ಅದನ್ನೇ ನಂಬಿ ಚುಕ್ಕಾಣಿ ತಿರುಗಿಸ್ತಾನೆ.
ಬಂಡೆಗೆ ಬಡಿದವನಿಗೆ ದಂಡ ಹಾಕೋ ಮುಂಚೆ
ದೀಪವನ್ನು ಒಮ್ಮೆ ಕೇಳಿ."

ಚಪ್ಪಾಳೆ. ಮಿಂಗೇಲನ ಸಿಳ್ಳೆ.
ಅದೆಲ್ಲ ಇಳಿಯುವವರೆಗೆ ಕಾದು
ಸುಲಕ್ಷಾ ತಾಂಡೇಲ, ಕೂತಲ್ಲಿಂದಲೇ:
"ನನ್ನ ಪೋರನಿಗೆ ಹಸಿರಿತ್ತು."

ಫ್ಯಾನು ತಿರುಗುವ ಸದ್ದು.

"ನಾಲ್ಕು ವರ್ಷ. ಲಾರಿ ಯಾರದಂತ ಇವತ್ತಿಗೂ ಗೊತ್ತಿಲ್ಲ.
ಕಂಬ ಆಗಲೂ ಅಲ್ಲೇ ಇತ್ತು. ಕುರುಡು."
ಬಾಂದೇಕರ ಸ್ಟಾಪ್‌ವಾಚನ್ನು
ಎಲ್ಲಿ ಇಡಬೇಕೆಂದು ತಿಳಿಯದವರಂತೆ
ಈ ಕೈಯಿಂದ ಆ ಕೈಗೆ ದಾಟಿಸುತ್ತಿದ್ದರು.
ಕೊನೆಗೆ ಠರಾವಾಯಿತು: ಹಳದಿಯನ್ನು ಅಳೆಯಿರೆಂದು
ಮೇಲಿನವರಿಗೆ ಪತ್ರ.
ಚಹಾ ಸಾಲಲಿಲ್ಲ. ಶಿರಾ ಉಳಿಯಿತು.

ಸೋಮವಾರ, ಮೊದಲ ಚಿತ್ರ.
ನಸುಕಿನ ನಾಲ್ಕು ಐವತ್ತೆರಡು, ರಸ್ತೆ ಖಾಲಿ.
ಗೆರೆಗೆ ಒಂದು ಮೊಳ ಹಿಂದೆ ಸುಲಕ್ಷಾಳ ಸ್ಕೂಟಿ ನಿಂತಿದೆ.
ಕಾಲ ನಡುವೆ ಖಾಲಿ ಬುಟ್ಟಿ, ಒಂದು ಪಾದ ನೆಲದ ಮೇಲೆ,
ಯಾರೂ ಇಲ್ಲದ ಊರಿನಲ್ಲಿ
ಕೆಂಪು ದೀಪವೊಂದಕ್ಕೆ ಮರ್ಯಾದೆ ಕೊಡುತ್ತ.
ಅವಳ ಮಗ್ಗುಲಲ್ಲೇ ಹಾದುಹೋಗುತ್ತಿದೆ
ಹತ್ತು ಚಕ್ರದ ಲಾರಿ.

ಗೆರೆ ದಾಟಿದೆಯೆ? ಹೌದು.
ಕೆಂಪೆ? ಹೌದು.
ನಂಬರು?
ದೊಡ್ಡದು ಮಾಡಿದೆ. ಬೆಳಕು ಹೆಚ್ಚಿಸಿದೆ.
ಕುರ್ಚಿಯಿಂದೆದ್ದು ಪರದೆಗೆ ಮೂಗು ತಾಗಿಸಿದೆ.
ಕೆಸರು. ಯಾರೋ ಕೈಯಾರೆ ಮೆತ್ತಿದ ಹಾಗಿತ್ತು,
ಬೆರಳಿನ ಗೀರು ಮೂಡಿತ್ತು.

ಒತ್ತಿದೆ. ಅಲ್ಲ.

ಮುಂದಿನದು ನನ್ನ ತಮ್ಮನ ಬೈಕು.
ಚಕ್ರ ಗೆರೆ ದಾಟಿ ಅರ್ಧ ಗೇಣು,
ನಂಬರು ಫಳಫಳ.
ಭಾನುವಾರ ನಾನೇ ಬೈದು ತೊಳೆಸಿದ್ದೆ.